ಕವಾಟದ ಕ್ಯಾಲ್ಸಿಯಂ: ಟ್ರಯಲ್ ಹುಡುಕೋದು ಎಲ್ಲಿ?

ಕುಮಟಾದಲ್ಲಿರುವ ನಿಮ್ಮ ಅಪ್ಪನ ಹೃದಯದ ಕವಾಟದಲ್ಲಿ ಕ್ಯಾಲ್ಸಿಯಂ ಕಟ್ಟಿದೆ, ಟ್ರಯಲ್‌ಗೆ (ಹೊಸ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಅಧ್ಯಯನಕ್ಕೆ) ಸೇರಿಸಬಹುದಾ ಅಂತ ಕೇಳಿದ್ದೀರಿ.

ಸಿಟಿಆರ್‌ಐ (ಭಾರತದಲ್ಲಿ ನಡೆಯುವ ಟ್ರಯಲ್‌ಗಳ ಸರ್ಕಾರಿ ನೋಂದಣಿ ಪಟ್ಟಿ) ವೆಬ್‌ಸೈಟ್ ನೋಡಿ. ಹೊಸ ಔಷಧಿಯ ಟ್ರಯಲ್‌ಗಳು 2009ರಿಂದ ಅಲ್ಲಿ ನೋಂದಣಿ ಆಗಲೇಬೇಕು. ‘ಅಯೋರ್ಟಿಕ್ ಸ್ಟೆನೋಸಿಸ್’ (ಹೃದಯದಿಂದ ರಕ್ತ ಹೊರಹೋಗುವ ಕವಾಟ ಕಿರಿದಾಗೋದು) ಅಂತ ಇಂಗ್ಲಿಷಿನಲ್ಲಿ ಹಾಕಿ. ಯಾವ ಆಸ್ಪತ್ರೆ, ಇನ್ನೂ ರೋಗಿಗಳನ್ನು ತಗೊಳ್ತಿದ್ದಾರಾ ಅಂತ ಗಮನಿಸಿ. ಮಣಿಪಾಲವಾದರೆ ಸರಿ, ಬೆಂಗಳೂರಾದರೆ ಓಡಾಟ ಜಾಸ್ತಿ. ಪ್ರಯಾಣದ ಖರ್ಚು ಕೇಳೋಕೆ ಸಂಕೋಚ ಬೇಡ. ಒಪ್ಪಿಗೆ ಪತ್ರ ಕನ್ನಡದಲ್ಲೇ ಕೇಳಿ.

ಯಾರೋ ವಿಟಮಿನ್ ಕೆ2 ಹೇಳಿದ್ದಾರೆ ಅಂದಿರಲ್ಲ, ಡೆನ್ಮಾರ್ಕ್‌ನಲ್ಲಿ 365 ಗಂಡಸರ ಮೇಲೆ 2 ವರ್ಷ ಅದನ್ನೇ ಪರೀಕ್ಷಿಸಿದ್ದರು. 2022ರ ಫಲಿತಾಂಶ: ಕ್ಯಾಲ್ಸಿಯಂ ಕಟ್ಟೋದು ನಿಧಾನ ಆಗಲಿಲ್ಲ. ಅಪ್ಪ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತಗೊಳ್ತಿದ್ದರೆ ಸುಮ್ನೆ ಕೆ2 ಕೊಡಲೇಬೇಡಿ.

ಮೆಟ್ಟಿಲು ಹತ್ತುವಾಗ ಏದುಸಿರು, ತಲೆ ಸುತ್ತು ಬರ್ತಿದ್ದರೆ ಟ್ರಯಲ್ ಅಂತ ಕಾಯಬೇಡಿ. ಕವಾಟ ಬದಲಿಸುವ ಬಗ್ಗೆ ಹೃದಯದ ಡಾಕ್ಟರ್ ಹತ್ರ ಈ ವಾರವೇ ಮಾತಾಡಿ.