ಹೊಳೆಯುವ ನೆಲ ಬೇಕು, ಜಾರುವ ನೆಲ ಬೇಡ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪಾಲಿಶ್ ಮಾಡಿದ ವಿಟ್ರಿಫೈಡ್ ಟೈಲ್ಸ್ ಬಗ್ಗೆಯೇ ಇವೆ. ಕೆಲವು ಅಂಗಡಿಗಳಲ್ಲಿ ಇದನ್ನೇ ಪೋರ್ಸಲೇನ್ ಟೈಲ್ಸ್ ಅನ್ನುತ್ತಾರೆ. ದಾವಣಗೆರೆಯ ಸುತ್ತಮುತ್ತ ಮನೆ ಕಟ್ಟಿಸುವುದು ನನ್ನ ಕೆಲಸ. ಟೈಲ್ಸ್ ಆರಿಸಲು ಮನೆಯವರ ಜೊತೆ ಅಂಗಡಿಗೂ ಹೋಗುತ್ತೇನೆ. ಅಲ್ಲಿ ಎಲ್ಲರ ಕಣ್ಣು ಮೊದಲು ಬಣ್ಣ, ಹೊಳಪಿನ ಮೇಲೆ ಹೋಗುತ್ತದೆ. ನಾನು ಮೊದಲು ಕೇಳುವುದು ಬೇರೆ: ಈ ನೆಲದ ಮೇಲೆ ಯಾರು ಓಡಾಡುತ್ತಾರೆ? ಅಲ್ಲಿ ನೀರು ಬೀಳುತ್ತದೆಯಾ? ಕೆಳಗಿನ ಉತ್ತರಗಳನ್ನೂ ಇವೆರಡನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಹಾಸನದ ಓದುಗರು: ಮೇಡಂ, 30–40 ಸೈಟಿನಲ್ಲಿ ಮನೆ ಕಟ್ಟುತ್ತಿದ್ದೇವೆ. ಹಾಲ್‌ಗೆ ಮಾರ್ಬಲ್ ಡಿಸೈನಿನ ಪಿಜಿವಿಟಿ (ಪಾಲಿಶ್ಡ್ ಗ್ಲೇಜ್ಡ್ ವಿಟ್ರಿಫೈಡ್ ಟೈಲ್ಸ್) ಹಾಕಿಸಿ ಅಂತ ಅಂಗಡಿಯವರು ಹೇಳುತ್ತಾರೆ. ಅದು ಎರಡಕ್ಕೆ ನಾಲ್ಕಡಿ ಅಳತೆಯದು. ನಮ್ಮ ಮೇಸ್ತ್ರಿ ಮಾತ್ರ ಡಬಲ್ ಚಾರ್ಜ್ ಅನ್ನುವ ಬಗೆಯ ಟೈಲ್ಸ್ ತಗೊಳ್ಳಿ ಅನ್ನುತ್ತಾರೆ. ಯಾರ ಮಾತು ಕೇಳೋದು?

ಇಬ್ಬರೂ ಸುಮ್ನೆ ಹೇಳುತ್ತಿಲ್ಲ. ನಮ್ಮ ದೇಶದ ಟೈಲ್ಸ್ ಕಾರ್ಖಾನೆಗಳಲ್ಲಿ ಹೆಚ್ಚಿನವು ಗುಜರಾತಿನ ಮೊರ್ಬಿ ಸುತ್ತಲೇ ಇವೆ, ಹಾಗಾಗಿ ಎರಡೂ ಅಲ್ಲಿಂದಲೇ ಬಂದಿರಬಹುದು. ಎರಡರ ತಳವೂ ಒಂದೇ ಬಗೆಯದು. ಜೇಡಿಮಣ್ಣು, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿಯನ್ನು ಒತ್ತಿ, ಸುಮಾರು 1200 ಡಿಗ್ರಿ ಶಾಖದಲ್ಲಿ ಸುಟ್ಟು ಮಾಡುತ್ತಾರೆ. ಹೀಗೆ ಸುಟ್ಟ ಟೈಲ್ಸ್ ತನ್ನ ತೂಕದ 0.5 ಶೇಕಡಾಕ್ಕಿಂತ ಜಾಸ್ತಿ ನೀರು ಹೀರಬಾರದು. 10 ಕೆಜಿಯ ಟೈಲ್ಸ್ ಅಂದರೆ ಬರೀ 50 ಗ್ರಾಂ ನೀರು.

ವ್ಯತ್ಯಾಸ ಇರುವುದು ಮೇಲಿನ ಪದರದಲ್ಲಿ. ಡಬಲ್ ಚಾರ್ಜ್‌ನಲ್ಲಿ ಬಣ್ಣದ ಪುಡಿಯನ್ನೇ ಮೂರು–ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಹಾಕಿ ತಳದ ಜೊತೆಯಲ್ಲೇ ಒತ್ತಿರುತ್ತಾರೆ. ವರ್ಷಾನುಗಟ್ಟಲೆ ಸವೆದರೂ ಕೆಳಗೆ ಅದೇ ಬಣ್ಣ ಇರುತ್ತದೆ. ಪಿಜಿವಿಟಿಯಲ್ಲಿ ಚಿತ್ರವನ್ನು ಯಂತ್ರದಿಂದ ಅಚ್ಚು ಹಾಕಿ, ಅದರ ಮೇಲೆ ಗಾಜಿನಂಥ ತೆಳುವಾದ ಲೇಪ, ಅಂದರೆ ಗ್ಲೇಜ್ ಕೊಟ್ಟು ಪಾಲಿಶ್ ಮಾಡುತ್ತಾರೆ. ಆ ಗ್ಲೇಜ್ ಒಂದು ಮಿಲಿಮೀಟರ್ ಕೂಡ ದಪ್ಪ ಇರುವುದಿಲ್ಲ. ಮಾರ್ಬಲ್‌ನ ಎಳೆಗಳು ಅಷ್ಟು ಚೆಂದ ಮೂಡುವುದು ಇದರಲ್ಲೇ. ಗೀರು ಎದ್ದು ಕಾಣುವುದೂ ಇದರಲ್ಲೇ.

ನಿಮ್ಮ ಮನೆಯಲ್ಲಿ ಚಪ್ಪಲಿ ಹೊರಗೆ ಬಿಡುವ ಅಭ್ಯಾಸ ಇದ್ದು, ಬಾಗಿಲಿನ ಹೊರಗೂ ಒಳಗೂ ಒಳ್ಳೆಯ ಕಾಲೊರಸು ಹಾಕುತ್ತೀರಿ ಅಂದರೆ ಹಾಲ್‌ಗೆ ಪಿಜಿವಿಟಿ ಧೈರ್ಯವಾಗಿ ಹಾಕಿ. ಮನೆಯಲ್ಲೇ ಟ್ಯೂಷನ್ ಅಥವಾ ಆಫೀಸ್ ಇದ್ದು ದಿನವಿಡೀ ಜನ ಚಪ್ಪಲಿ ಹಾಕಿಕೊಂಡೇ ಬರುತ್ತಾರಾ? ಹಾಗಿದ್ದರೆ ಮೇಸ್ತ್ರಿ ಹೇಳಿದ್ದೇ ಸರಿ. ಪಾಲಿಶ್ ಹಾಳು ಮಾಡುವುದು ಪಾದವಲ್ಲ, ಪಾದಕ್ಕೆ ಅಂಟಿ ಬರುವ ಮರಳು. ಮರಳಿನಲ್ಲಿರುವ ಬೆಣಚು ಗ್ಲೇಜ್‌ಗಿಂತ ಗಟ್ಟಿ.

ಅಂಗಡಿಯಲ್ಲಿ ಗೋಡೆಗೆ ಅಂಟಿಸಿದ ಮಾದರಿ ನೋಡಿ ದುಡ್ಡು ಕೊಡಬೇಡಿ. ಬೇರೆ ಬೇರೆ ಬಾಕ್ಸ್‌ಗಳಿಂದ ಒಂದೊಂದು ಟೈಲ್ಸ್ ತೆಗೆಸಿ, ಎರಡನ್ನು ಮುಖಕ್ಕೆ ಮುಖ ಸೇರಿಸಿ ನಿಲ್ಲಿಸಿ ನೋಡಿ. ಮಧ್ಯೆ ಅಥವಾ ಅಂಚಿನಲ್ಲಿ ಬೆಳಕು ತೂರಿದರೆ ಬಾಗಿದೆ ಅಂತ ಅರ್ಥ. ಎರಡಕ್ಕೆ ನಾಲ್ಕಡಿಯ ಟೈಲ್ಸ್‌ನಲ್ಲಿ ಈ ಬಾಗು ಸ್ವಲ್ಪವಾದರೂ ಇದ್ದೇ ಇರುತ್ತದೆ. ಆದ್ದರಿಂದಲೇ ಇಟ್ಟಿಗೆ ಜೋಡಿಸಿದ ಹಾಗೆ ಅರ್ಧಕ್ಕರ್ಧ ಸರಿಸಿ ಕೂರಿಸಬಾರದು. ಒಂದರ ಉಬ್ಬಿದ ಮಧ್ಯಭಾಗ ಇನ್ನೊಂದರ ತಗ್ಗಿದ ತುದಿಯ ಪಕ್ಕ ಬಂದು ಅಂಚು ಕಾಲಿಗೆ ತಗಲುತ್ತದೆ. ನೇರ ಸಾಲಿನಲ್ಲಿ ಹಾಕಿಸಿ. ಸರಿಸಲೇಬೇಕು ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಿ. ತಿಳಿ ಬಣ್ಣದ ಡಬಲ್ ಚಾರ್ಜ್ ಆದರೆ ಇದು ಬೇಕೇ ಬೇಕು, ಯಾಕೆಂದರೆ ಪಾಲಿಶ್ ಮಾಡುವಾಗ ಒಳಗಿನ ಸಣ್ಣ ಸಣ್ಣ ರಂಧ್ರಗಳು ತೆರೆದುಕೊಳ್ಳುತ್ತವೆ. ಒಂದು ಮಾದರಿ ತಂದು, ಎಣ್ಣೆಯಲ್ಲಿ ಕಲಸಿದ ಅರಿಶಿನ ಒಂದು ಹನಿ ಹಾಕಿ, ಅರ್ಧ ಗಂಟೆ ಬಿಟ್ಟು ಒರೆಸಿ. ಕಲೆ ಹಾಗೇ ಉಳಿದರೆ ಆ ಟೈಲ್ಸ್ ನಮ್ಮ ಅಡುಗೆಮನೆಗೆ, ದೇವರಮನೆಗೆ ಸರಿಹೋಗುವುದಿಲ್ಲ.

ತುಮಕೂರಿನ ಓದುಗಿ: ನಮ್ಮ ಹಾಲ್ 20 ಅಡಿ ಉದ್ದ, 14 ಅಡಿ ಅಗಲ. ಎರಡಡಿ ಟೈಲ್ಸ್ 18 ಬಾಕ್ಸ್ ಸಾಕು ಅಂತ ಮೇಸ್ತ್ರಿ ಲೆಕ್ಕ ಕೊಟ್ಟಿದ್ದಾರೆ. ಸರೀನಾ?

ಸಾಲದು. ಮೇಸ್ತ್ರಿ ಬಾಕ್ಸ್‌ಗೆ 16 ಚದರಡಿ ಅಂತ ಹಿಡಿದಿದ್ದಾರೆ. ಎರಡಡಿ ಅಂತ ಕರೆದರೂ ಆ ಟೈಲ್ಸ್ ಇರುವುದು 600 ಮಿಲಿಮೀಟರ್, ಎರಡಡಿಗೆ ಒಂದು ಸೆಂಟಿಮೀಟರ್‌ನಷ್ಟು ಕಡಿಮೆ. ನಾಲ್ಕು ಟೈಲ್ಸ್‌ನ ಬಾಕ್ಸ್‌ನಲ್ಲಿ ಸಿಗುವುದು 15.5 ಚದರಡಿ. ಹದಿನೆಂಟು ಬಾಕ್ಸ್ ಅಂದರೆ 279 ಚದರಡಿ. ನಿಮ್ಮ ನೆಲವೇ 280. ಜೊತೆಗೆ ಗೋಡೆಯ ಬುಡಕ್ಕೆ ಹಾಕುವ ನಾಲ್ಕು ಇಂಚಿನ ಸ್ಕರ್ಟಿಂಗ್‌ಗೆ ಸುಮಾರು 20 ಚದರಡಿ ಬೇಕು. ಕತ್ತರಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ಏಳು ಸೇರಿಸಿ. 21 ಬಾಕ್ಸ್ ಆಗುತ್ತದೆ. ಮುಂದೆ ಪೈಪ್ ರಿಪೇರಿಗೆ ನೆಲ ಒಡೆಯಬೇಕಾದರೆ ಇರಲಿ ಅಂತ ಇನ್ನೊಂದು ತೆಗೆದಿಡಿ, 22.

ಎಲ್ಲ ಬಾಕ್ಸ್‌ಗಳ ಮೇಲೂ ಬ್ಯಾಚ್ ನಂಬರ್, ಶೇಡ್ ನಂಬರ್ ಒಂದೇ ಇದೆಯಾ ಅಂತ ಲಾರಿಯಿಂದ ಇಳಿಸುವಾಗಲೇ ನೋಡಿ. ಆಮೇಲೆ ಎರಡು ಬಾಕ್ಸ್ ಕಡಿಮೆ ಬಿತ್ತು ಅಂತ ಹೋದರೆ ಡಿಸೈನ್ ಸಿಗಬಹುದು, ಬಣ್ಣ ಹೊಂದುವುದು ಕಷ್ಟ.

ಹುಬ್ಬಳ್ಳಿಯ ಓದುಗರು: ಟೈಲ್ಸ್ ಹಾಕಿಸಿ ಇನ್ನೂ ಎರಡು ವರ್ಷ ಆಗಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ದೊಡ್ಡ ಸದ್ದಾಗಿ ಹಾಲ್‌ನಲ್ಲಿ ಎರಡು ಟೈಲ್ಸ್ ಗುಡಾರದ ಹಾಗೆ ಎದ್ದು ನಿಂತವು. ಉಳಿದವನ್ನು ತಟ್ಟಿದರೆ ಅಲ್ಲಲ್ಲಿ ಪೊಳ್ಳು ಸದ್ದು ಬರುತ್ತದೆ. ಟೈಲ್ಸ್ ಕಳಪೆಯಾ? ಮನೆಗೆ ಏನಾದರೂ ಅಪಾಯವಾ?

ಹೆದರಬೇಡಿ, ಬರೀ ಇದರಿಂದ ಮನೆಗೆ ಅಪಾಯ ಅಂತ ಅಂದುಕೊಳ್ಳಬೇಕಿಲ್ಲ. ಟೈಲ್ಸ್ ಕಳಪೆ ಇರಬೇಕೆಂದೂ ಇಲ್ಲ. ನೀವು ಬರೆದಿದ್ದನ್ನು ನೋಡಿದರೆ ತಪ್ಪು ಕೂರಿಸಿದ ರೀತಿಯಲ್ಲಿದೆ. ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವ ದೂರು ಇದು, ಯಾಕೆಂದರೆ ಇದನ್ನು ಮೊದಲೇ ಸುಲಭವಾಗಿ ತಪ್ಪಿಸಬಹುದಿತ್ತು.

ಹಳೆಯ ಗೋಡೆ ಟೈಲ್ಸ್ ನೀರು ಹೀರುತ್ತಿತ್ತು. ಅದನ್ನು ನೀರಿನಲ್ಲಿ ನೆನೆಸಿ, ಹಿಂಬದಿಗೆ ಸಿಮೆಂಟ್ ಹಾಲು ಬಳಿದು ಕೂರಿಸಿದರೆ ಸಿಮೆಂಟ್ ಆ ರಂಧ್ರಗಳೊಳಗೆ ಇಳಿದು ಹಿಡಿಯುತ್ತಿತ್ತು. ವಿಟ್ರಿಫೈಡ್ ಟೈಲ್ಸ್ ನೀರನ್ನೇ ಕುಡಿಯುವುದಿಲ್ಲ, ಸಿಮೆಂಟ್ ಹಾಲು ಎಲ್ಲಿಗೆ ಇಳಿಯಬೇಕು? ಒಣಗಿದ ಮೇಲೆ ಹಿಂಬದಿಯಿಂದ ಬಿಟ್ಟುಕೊಳ್ಳುತ್ತದೆ. ಕೆಲವರು ನಾಲ್ಕು ಮೂಲೆಗೆ ನಾಲ್ಕು, ಮಧ್ಯಕ್ಕೊಂದು ಉಂಡೆ ಇಟ್ಟು ಕೂರಿಸುತ್ತಾರೆ. ನಿಮ್ಮ ಮನೆಯ ಪೊಳ್ಳು ಸದ್ದು ಇಂಥ ಖಾಲಿ ಜಾಗದಿಂದ ಬರುತ್ತಿರುವುದು.

ಎದ್ದು ನಿಲ್ಲುವುದಕ್ಕೆ ಇನ್ನೊಂದು ಕಾರಣವೂ ಸೇರಬೇಕು. ಹತ್ತು ಮೀಟರ್ ಉದ್ದದ ಟೈಲ್ಸ್ ನೆಲ 20 ಡಿಗ್ರಿ ಬಿಸಿಯೇರಿದರೆ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. ಕೆಳಗಿನ ಹೊಸ ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತಿರುತ್ತದೆ. ಟೈಲ್ಸ್‌ಗಳ ಮಧ್ಯೆ ಸಂದಿಯೇ ಇಲ್ಲ, ಗೋಡೆಗೂ ಒತ್ತಿ ಕೂರಿಸಿದ್ದಾರೆ ಅಂದರೆ ಹಿಗ್ಗಿದ್ದು ಹೋಗಲು ದಾರಿ ಮೇಲಕ್ಕೆ ಮಾತ್ರ. ಸರಿಯಾಗಿ ಅಂಟದ ಟೈಲ್ಸ್ ಮೊದಲು ಏಳುತ್ತದೆ.

ಎದ್ದವನ್ನು ಮತ್ತೆ ಅದೇ ಸಿಮೆಂಟ್ ಹಾಕಿ ಕೂರಿಸಲು ಬಿಡಬೇಡಿ. ಪೊಳ್ಳು ಸದ್ದು ಬರುವ ಟೈಲ್ಸ್‌ಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಒಂದು ಮೂಲೆಯಲ್ಲಿ ಮಾತ್ರ ಪೊಳ್ಳಿದ್ದು, ಅಲುಗಾಡುತ್ತಿಲ್ಲ ಅಂದರೆ ಸದ್ಯಕ್ಕೆ ಬಿಡಬಹುದು. ಪೂರ್ತಿ ಪೊಳ್ಳಿದ್ದರೆ ತೆಗೆಸಿ. ಕೆಳಗಿನ ನೆಲ ಕೆತ್ತಿ, ಧೂಳು ತೆಗೆದು, ಪಾಲಿಮರ್ ಬೆರೆತ ಟೈಲ್ಸ್ ಅಡ್ಹೆಸಿವ್ ಹಾಕಿಸಿ. ಆ ಅಂಟಿನ ಚೀಲದ ಮೇಲೆ ಸಿ2 ಅಂತ ಇರುತ್ತದೆ. ಹಲ್ಲಿರುವ ಕರಣೆಯಿಂದ ಒಂದೇ ದಿಕ್ಕಿಗೆ ಗೀರೆಳೆದು ಹರಡಬೇಕು. ದೊಡ್ಡ ಟೈಲ್ಸ್ ಆದರೆ ಹಿಂಬದಿಗೂ ತೆಳುವಾಗಿ ಬಳಿಯಬೇಕು. ಮೊದಲ ಟೈಲ್ಸ್ ಕೂರಿಸಿದ ಕೂಡಲೇ ಒಮ್ಮೆ ಎತ್ತಿಸಿ ನೋಡಿ. ಹಿಂಬದಿ ಪೂರ್ತಿ ಅಡ್ಹೆಸಿವ್ ಹತ್ತಿರಬೇಕು. ಸಂದಿಗೆ ಕನಿಷ್ಠ ಎರಡು ಮಿಲಿಮೀಟರ್ ಸ್ಪೇಸರ್ ಇಡಿಸಿ. ಗೋಡೆಯ ಹತ್ತಿರ ಐದಾರು ಮಿಲಿಮೀಟರ್ ಖಾಲಿ ಬಿಡಿಸಿ, ಅದನ್ನು ಸ್ಕರ್ಟಿಂಗ್ ಮುಚ್ಚುತ್ತದೆ. ಸಂದಿ ಕಾಣದ ಹಾಗೆ ಕೂರಿಸುತ್ತೇನೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ ಅನ್ನಿ.

ಮೈಸೂರಿನ ಓದುಗಿ: ನಮ್ಮ ಮಾವನವರಿಗೆ 76 ವರ್ಷ, ಕೋಲು ಹಿಡಿದು ನಡೆಯುತ್ತಾರೆ. ಇಡೀ ಮನೆಗೆ ಒಂದೇ ಥರ ಪಾಲಿಶ್ ಟೈಲ್ಸ್ ಹಾಕಿಸಿದರೆ ಮನೆ ದೊಡ್ಡದಾಗಿ ಕಾಣುತ್ತೆ ಅಂತ ನಮ್ಮ ಮನೆಯವರ ಆಸೆ. ನನಗೆ ಭಯ.

ನಿಮ್ಮ ಭಯ ಸರಿಯಾಗಿದೆ. ಒಣಗಿದ್ದಾಗ ಪಾಲಿಶ್ ಟೈಲ್ಸ್ ಮೇಲೆ ನಡೆಯುವುದು ಅಷ್ಟೇನೂ ಕಷ್ಟವಲ್ಲ. ನೀರು ಬಿದ್ದರೆ ಮಾತ್ರ ಹಿಡಿತವೇ ಸಿಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಹೊಳೆಯುವ ನೆಲದಲ್ಲಿ ಬಿದ್ದ ನೀರು ಕಣ್ಣಿಗೇ ಕಾಣುವುದಿಲ್ಲ. ಕಿಟಕಿಯ ಬೆಳಕು ಬಿದ್ದರೆ ಒಣ ನೆಲವೂ ಒದ್ದೆಯ ಹಾಗೆ ಕಾಣುತ್ತದೆ. ಪೊರೆ ಬಂದ ಕಣ್ಣಿನವರು ಅಲ್ಲಿ ಹೆಜ್ಜೆ ಇಡಲು ತಡವರಿಸುತ್ತಾರೆ. ಈ ವಯಸ್ಸಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಚೇತರಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು, ಅಲ್ವಾ? ಮನೆ ದೊಡ್ಡದಾಗಿ ಕಾಣುವುದು ಅದಕ್ಕಿಂತ ಮುಖ್ಯ ಅಲ್ಲ.

ಹಾಲ್‌ಗೆ ಪಾಲಿಶ್ ಇರಲಿ. ಮಾವನವರ ಕೋಣೆ, ಅಲ್ಲಿಂದ ಬಚ್ಚಲಿಗೆ ಹೋಗುವ ದಾರಿ, ಅಡುಗೆಮನೆ, ಬಟ್ಟೆ ಒಗೆಯುವ ಜಾಗ, ಬಾಲ್ಕನಿ, ಮೆಟ್ಟಿಲು ಇಷ್ಟಕ್ಕೂ ಅದೇ ಬಣ್ಣದ, ಹೊಳಪಿಲ್ಲದ ಮ್ಯಾಟ್ ಟೈಲ್ಸ್ ಹಾಕಿಸಿ. ಒಂದೇ ಡಿಸೈನ್ ಪಾಲಿಶ್‌ನಲ್ಲೂ ಮ್ಯಾಟ್‌ನಲ್ಲೂ ಸಿಗುವ ಟೈಲ್ಸ್ ಎಷ್ಟೋ ಇವೆ. ನಿಮ್ಮ ಯಜಮಾನರ ಆಸೆಯೂ ಉಳಿಯುತ್ತದೆ. ಜಾರದಿರುವ ಗುಣಕ್ಕೆ ಆರ್ 9ರಿಂದ ಆರ್ 13ರವರೆಗೆ ಒಂದು ಅಳತೆ ಇದೆ. ನೀರು ಬೀಳುವ ಕಡೆಗೆ ಆರ್ 10ಕ್ಕಿಂತ ಕಡಿಮೆ ಬೇಡ, ಹೊರಗಿನ ಮೆಟ್ಟಿಲಿಗೆ ಆರ್ 11 ಕೇಳಿ. ಬಚ್ಚಲಿಗೆ ಒಂದಡಿಯ ಸಣ್ಣ ಟೈಲ್ಸ್ ಒಳ್ಳೆಯದು. ಸಂದಿ ಜಾಸ್ತಿ ಇರುವುದರಿಂದ ಕಾಲಿಗೆ ಹಿಡಿತ ಸಿಗುತ್ತದೆ, ನೀರು ಹರಿಯಲು ಇಳಿಜಾರು ಕೊಡುವುದೂ ಸುಲಭ. ಕೋಲಿನ ತುದಿಯ ರಬ್ಬರ್ ಸವೆದಿದೆಯಾ ಅಂತ ಇವತ್ತೇ ನೋಡಿ.

ಉಡುಪಿಯ ಓದುಗರು: ಮಳೆ ಶುರುವಾಗುವ ಹೊತ್ತಿಗೆ ನಮ್ಮ ಕೆಳಗಿನ ಮನೆಯ ಟೈಲ್ಸ್ ಬೆವರುತ್ತದೆ. ನೆಲದಿಂದ ನೀರು ಏಳುತ್ತಿದೆಯಾ?

ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ಆ ಗಾಳಿ ತಣ್ಣಗಿನ ಟೈಲ್ಸ್‌ಗೆ ತಾಗಿದಾಗ ನೀರಾಗುತ್ತದೆ. ನಿಮ್ಮಲ್ಲಿ ಅದೇ ಆಗಿದೆಯಾ ಅಂತ ನೋಡಲು, ನೆಲ ಚೆನ್ನಾಗಿ ಒರೆಸಿ, ಸಂದಿಗಳೂ ಸೇರುವ ಹಾಗೆ ಎರಡಡಿ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಕಡೆ ಟೇಪ್ ಅಂಟಿಸಿ. ಮರುದಿನ ಹಾಳೆಯ ಮೇಲೆ ನೀರಿದ್ದರೆ ಅದು ಗಾಳಿಯದು. ಫ್ಯಾನ್ ಹಾಕಿ, ಒಣ ಬಟ್ಟೆಯಲ್ಲಿ ಒರೆಸುತ್ತಿರಿ. ಹಾಳೆಯ ಕೆಳಗೆ ನೀರಿದ್ದರೆ ನೆಲದ ತೇವ ಸಂದಿಯಿಂದ ಬರುತ್ತಿದೆ, ಎಂಜಿನಿಯರ್‌ಗೆ ತೋರಿಸಿ.

ಕೋಲಾರದ ಓದುಗಿ: ಹೊಸ ಟೈಲ್ಸ್ ಎಷ್ಟು ಒರೆಸಿದರೂ ಮಂಕಾಗಿದೆ. ಆಸಿಡ್ ಹಾಕಿ ತೊಳೆದರೆ ಸರಿಹೋಗುತ್ತೆ ಅಂತ ಕೆಲಸದವರು ಹೇಳುತ್ತಾರೆ. ನಮ್ಮದು ಬೋರ್‌ವೆಲ್ ನೀರು.

ಆಸಿಡ್ ಬೇಡ. ಅದು ಸಂದಿಯ ಸಿಮೆಂಟ್ ಗ್ರೌಟ್ ತಿನ್ನುತ್ತದೆ, ಸ್ಟೀಲ್ ನಲ್ಲಿಗೆ ತುಕ್ಕು ಹಿಡಿಸುತ್ತದೆ, ಹೊಗೆ ಎದೆಗೆ ಹೋಗುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪುಡಿ ಮಾತ್ರ ಯಾವತ್ತೂ ಸೇರಿಸಬೇಡಿ. ಅದರಿಂದ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಅಪಾಯ.

ಮಂಕಿಗೆ ಮೂರು ಕಾರಣ ಇರಬಹುದು: ಕಾರ್ಖಾನೆಯಲ್ಲಿ ಬಳಿದ ಮೇಣ, ಗ್ರೌಟ್ ಒರೆಸುವಾಗ ಉಳಿದ ಸಿಮೆಂಟ್ ಪೊರೆ, ಗಡಸು ನೀರಿನ ಬಿಳಿ ಪದರ. ಮೊದಲು ಪಾತ್ರೆ ತೊಳೆಯುವ ದ್ರವ ಕೆಲವೇ ಹನಿ ಹಾಕಿದ ಬಿಸಿನೀರಿನಲ್ಲಿ ಉಜ್ಜಿ, ಒಳ್ಳೆಯ ನೀರಿನಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ಆ ಕೊನೆಯ ಒಣ ಬಟ್ಟೆಯನ್ನು ಬಿಡಬೇಡಿ. ನೀರು ತಾನಾಗಿ ಆರಿದರೆ ಬಿಳಿ ಪದರ ಅಲ್ಲೇ ಉಳಿಯುತ್ತದೆ. ಇದಕ್ಕೂ ಹೋಗದಿದ್ದರೆ ಸಿಮೆಂಟ್ ಪೊರೆ ತೆಗೆಯುವ ದ್ರವ ಅಂತಲೇ ಟೈಲ್ಸ್ ಅಂಗಡಿಯಲ್ಲಿ ಸಿಗುತ್ತದೆ. ಸಂದಿಗಳನ್ನು ಮೊದಲು ನೀರಿನಿಂದ ನೆನೆಸಿ, ಮೂಲೆಯ ಒಂದೇ ಟೈಲ್ಸ್ ಮೇಲೆ ಹಾಕಿ ನೋಡಿ, ಆಮೇಲೆ ಉಳಿದದ್ದಕ್ಕೆ ಹಾಕಿ. ದಿನಾ ಒರೆಸುವ ನೀರಿಗೆ ಸೋಪಿನ ಪುಡಿ ಸುರಿಯಬೇಡಿ. ದೇವರ ಮುಂದಿನ ರಂಗೋಲಿ ಕಲ್ಲಿನ ಪುಡಿ. ಅದನ್ನು ಗುಡಿಸಿ ತೆಗೆದ ಮೇಲೇ ಒದ್ದೆ ಬಟ್ಟೆ ಹಾಕಿ.

ಶಿವಮೊಗ್ಗದ ಓದುಗರು: ಮುಂದಿನ ತಿಂಗಳು ಗೃಹಪ್ರವೇಶ. ಹಾಲ್‌ನಲ್ಲಿ ಹೋಮ ಇದೆ, ಹಸು–ಕರುವನ್ನು ಒಳಗೆ ಕರೆತರಬೇಕು. ಪಾಲಿಶ್ ಟೈಲ್ಸ್‌ಗೆ ಏನಾದರೂ ಆಗುತ್ತದಾ?

ಹೋಮಕುಂಡವನ್ನು ನೇರವಾಗಿ ನೆಲದ ಮೇಲೆ ಇಟ್ಟರೆ ಆಗುತ್ತದೆ. ಮೇಲ್ಮೈ ಒಮ್ಮೆಲೇ ಕಾದು, ತಳ ತಣ್ಣಗೇ ಇದ್ದರೆ ಟೈಲ್ಸ್ ಸೀಳು ಬಿಡುತ್ತದೆ. ದಪ್ಪ ರಟ್ಟು ಹಾಸಿ, ಅದರ ಮೇಲೆ ಎರಡು ಸಾಲು ಇಟ್ಟಿಗೆ, ಇಟ್ಟಿಗೆ ಮೇಲೆ ಎರಡು ಮೂರು ಇಂಚು ಮರಳು ಹಾಕಿ ಕುಂಡ ಇಡಿ. ಸುತ್ತ ತುಪ್ಪ, ಅರಿಶಿನ, ಕುಂಕುಮ ಚೆಲ್ಲುವ ಕಡೆ ಹಳೆಯ ಜಮಖಾನ ಹಾಸಿ, ಕಿಡಿ ಸಿಡಿಯದಷ್ಟು ದೂರದಲ್ಲಿ.

ಹಸುವಿನ ವಿಷಯದಲ್ಲಿ ನನಗೆ ಚಿಂತೆ ಟೈಲ್ಸ್‌ದಲ್ಲ. ಗೊರಸಿಗೆ ಪಾಲಿಶ್ ನೆಲದ ಮೇಲೆ ಹಿಡಿತವೇ ಸಿಗುವುದಿಲ್ಲ. ಹಿಂಗಾಲು ಎರಡೂ ಕಡೆಗೆ ಜಾರಿ ಬಿದ್ದರೆ ಅದಕ್ಕೆ ಮತ್ತೆ ಏಳಲಾಗದಂಥ ಪೆಟ್ಟಾಗಬಹುದು. ಗಾಬರಿಯಾಗಿ ಒದ್ದಾಡಿದರೆ ಹತ್ತಿರ ನಿಂತ ಮಕ್ಕಳಿಗೂ ಅಪಾಯ. ಪುರೋಹಿತರ ಹತ್ತಿರ ಈಗಲೇ ಮಾತಾಡಿ, ಗೋಪೂಜೆಯನ್ನು ಹೊಸ್ತಿಲ ಹೊರಗೆ ಮಣ್ಣು ಅಥವಾ ಒರಟು ಕಲ್ಲಿನ ನೆಲದ ಮೇಲೆ ಮಾಡಬಹುದಾ ಕೇಳಿ. ಒಳಗೆ ಬರಲೇಬೇಕು ಅಂದರೆ ಗೇಟಿನಿಂದ ಹಾಲ್‌ವರೆಗೆ, ತಿರುಗಿ ಹೊರಗೆ ಬರುವ ಜಾಗಕ್ಕೂ ಸೇರಿಸಿ, ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಬರೀ ಗೋಣಿಚೀಲ ಹಾಸಿದರೆ ಚೀಲವೇ ಜಾರುತ್ತದೆ. ಕಾಲು ತೊಳೆದ ನೀರು ಒಳಗೆ ಹರಿಯದ ಹಾಗೆ ಹೊರಗೇ ತೊಳೆದು ಒರೆಸಿ, ಹಸುವನ್ನು ಸಾಕಿದವರೇ ಹಗ್ಗ ಹಿಡಿದು ನಿಧಾನವಾಗಿ ನಡೆಸಲಿ.