ಪ್ರತಿಕ್ರಿಯೆ: ದೂರಸಂಪರ್ಕ ಎಂ.ಟೆಕ್. ಅರ್ಜಿ ಹಾಕಿದರೂ ಸಿಒಎಪಿಯಲ್ಲಿ ಆಫರ್ ಕಾಣದಿರುವುದು

ದೆಹಲಿ ಐಐಟಿಯ ದೂರಸಂಪರ್ಕ ತಂತ್ರಜ್ಞಾನ ಮತ್ತು ನಿರ್ವಹಣೆ ಎಂ.ಟೆಕ್.ಗೆ ಶುಲ್ಕ ಕಟ್ಟಿದ ಮೇಲೂ ಸಿಒಎಪಿಯಲ್ಲಿ (ಕಾಮನ್ ಆಫರ್ ಅಕ್ಸೆಪ್ಟೆನ್ಸ್ ಪೋರ್ಟಲ್) ಆಫರ್ ಏಕೆ ಕಾಣುತ್ತಿಲ್ಲ ಎಂದು ಕೇಳಿದ್ದೀರಿ; ನಿಮ್ಮ ಅರ್ಜಿಯಲ್ಲಿ ಸಿಒಎಪಿ ನೋಂದಣಿ ಸಂಖ್ಯೆ ನಮೂದಾಗದೆ ಉಳಿದಿರುವುದು ಒಂದು ಕಾರಣವಿರಬಹುದು. ಸಿಒಎಪಿ ಎಂಬುದು ಐಐಟಿಗಳ ಪ್ರವೇಶದ ಆಫರ್‌ಗಳನ್ನು ಸುತ್ತುಸುತ್ತಾಗಿ ತೋರಿಸಿ ಒಪ್ಪಿಗೆ ಪಡೆಯುವ ವೇದಿಕೆ ಮಾತ್ರ; ಅರ್ಜಿಯನ್ನು ಆಯಾ ಐಐಟಿಗೆ ಪ್ರತ್ಯೇಕವಾಗಿಯೇ ಸಲ್ಲಿಸಬೇಕು.

ಮೊದಲು ಸಿಒಎಪಿಗೆ ಲಾಗಿನ್ ಆಗಿ ನಿಮ್ಮ ಗೇಟ್ (ಎಂ.ಟೆಕ್. ಪ್ರವೇಶಕ್ಕೆ ಬಳಸುವ ಅರ್ಹತಾ ಪರೀಕ್ಷೆ) ನೋಂದಣಿ ಸಂಖ್ಯೆ ಸರಿಯಾಗಿದೆಯೇ ನೋಡಿ, ಅಲ್ಲಿನ ಸಿಒಎಪಿ ಸಂಖ್ಯೆಯನ್ನೂ ಬರೆದುಕೊಳ್ಳಿ. ಬಳಿಕ ಐಐಟಿಯ ಅರ್ಜಿಯನ್ನು ತೆರೆದು ಅದರಲ್ಲಿ ನಮೂದಾದ ಸಿಒಎಪಿ ಸಂಖ್ಯೆಯನ್ನು ಇದರೊಂದಿಗೆ ಹೋಲಿಸಿ. ಅದು ಖಾಲಿಯಿದ್ದು ತಿದ್ದಲು ಅವಕಾಶವಿಲ್ಲದಿದ್ದರೆ, ಗೇಟ್ ಮತ್ತು ಸಿಒಎಪಿ ಸಂಖ್ಯೆಗಳೆರಡನ್ನೂ ಬರೆದು ಸ್ನಾತಕೋತ್ತರ ಪ್ರವೇಶ ವಿಭಾಗಕ್ಕೆ ಇಂದೇ ಇಮೇಲ್ ಕಳುಹಿಸಿ. ಜೊತೆಗೆ, ನೀವು ಆರಿಸಿದ್ದು ಯಾವ ಕೋರ್ಸ್ ಎಂಬುದನ್ನೂ ಪರಿಶೀಲಿಸಿ: ಈ ಎಂ.ಟೆಕ್. ದೆಹಲಿ ಐಐಟಿಯೊಳಗಿನ ಭಾರ್ತಿ ಸ್ಕೂಲ್‌ನದು, ವಿದ್ಯುತ್ ಎಂಜಿನಿಯರಿಂಗ್ ವಿಭಾಗದ ಕಮ್ಯುನಿಕೇಶನ್ ಎಂಜಿನಿಯರಿಂಗ್ ಬೇರೆಯದೇ. ಹೆಸರುಗಳ ಹೋಲಿಕೆಯಿಂದ ಹಲವರು ಇಲ್ಲಿ ಎಡವುತ್ತಾರೆ.

ಎಲ್ಲವೂ ಸರಿಯಿದ್ದರೆ, ನಿಮ್ಮ ಗೇಟ್ ಅಂಕ ಈ ಸುತ್ತಿನ ಕಟ್‌ಆಫ್‌ಗಿಂತ ಕೆಳಗಿರಬಹುದು. ನೀವು ಅಂಕವನ್ನಾಗಲಿ ಪ್ರವರ್ಗವನ್ನಾಗಲಿ ತಿಳಿಸದಿರುವುದರಿಂದ ಈ ಬಗ್ಗೆ ಖಚಿತವಾಗಿ ಹೇಳಲಾಗದು. ಅಂಕ ಕಡಿಮೆಯಿದ್ದಲ್ಲಿ ಮುಂದಿನ ಸುತ್ತುಗಳನ್ನು ಕಾಯಬೇಕು; ಈ ನಡುವೆ ಬೇರೆ ಆಫರ್ ಬಂದರೆ ‘ಅಕ್ಸೆಪ್ಟ್ ಅಂಡ್ ಫ್ರೀಜ್’ ಒತ್ತಬೇಡಿ, ಏಕೆಂದರೆ ಅದರೊಂದಿಗೆ ಮುಂದಿನ ಸುತ್ತುಗಳ ದಾರಿ ಮುಚ್ಚುತ್ತದೆ. ‘ರಿಟೇನ್ ಅಂಡ್ ವೇಟ್’ ಆರಿಸಿದರೆ ಆ ಸೀಟು ಸದ್ಯಕ್ಕೆ ಉಳಿಯುತ್ತದೆ, ದೆಹಲಿಯ ನಿರೀಕ್ಷೆಯೂ ಉಳಿಯುತ್ತದೆ. ಆದರೆ ಸುತ್ತಿನ ಗಡುವಿನೊಳಗೆ ಉತ್ತರಿಸಲೇಬೇಕು.