ಹತ್ತೋದು ಸುಲಭ, ಇಳಿಯೋ ದಾರಿ ಸಿಗಬೇಕಲ್ಲ!

ಪ್ರಶ್ನೆ: ನವೆಂಬರ್ ಕೊನೆಗೆ ನಾವು ನಾಲ್ವರು ಚಿಂಚೋಳಿ ಕಾಡಿನ ಗುಡ್ಡಗಳಲ್ಲಿ ಒಂದು ದಿನ ನಡೆಯಬೇಕೆಂದಿದ್ದೇವೆ. ಗುಡ್ಡ ಅಷ್ಟೇನೂ ಎತ್ತರವಿಲ್ಲ, ಆದರೂ ದಾರಿ ತಪ್ಪುತ್ತದೆ ಅಂತಾರೆ. ಯಾಕೆ? ನೀರು ಎಷ್ಟು ಒಯ್ಯಬೇಕು?
– ಓದುಗರು, ಕಲಬುರಗಿ

ಉತ್ತರ: ಎತ್ತರವಿಲ್ಲ ಅನ್ನುವುದೇ ಮೋಸ. ಇವುಗಳ ನೆತ್ತಿ ರೊಟ್ಟಿ ಹಂಚಿನಂತೆ ಚಪ್ಪಟೆ. ಮೇಲೆ ಯಾವ ದಿಕ್ಕಿಗೆ ನೋಡಿದರೂ ಅದೇ ಕುರುಚಲು, ಅದೇ ಕೆಂಪು ಗರಸು. ಇಳಿಯುವ ಕೊರಕಲುಗಳೂ ಒಂದರಂತೆ ಒಂದು. ತಪ್ಪಿದ್ದನ್ನು ಹಿಡಿದರೆ ಗುಡ್ಡದ ಆಚೆ ಮಗ್ಗುಲಲ್ಲಿರುತ್ತೀರಿ. ನೆತ್ತಿಗೆ ಕಾಲಿಟ್ಟ ಕೂಡಲೇ ಹಿಂದಿರುಗಿ ನಿಂತು ಬಂದ ದಾರಿಯ ಫೋಟೊ ತೆಗೆಯಿರಿ, ಮೊಬೈಲ್ ನಕ್ಷೆಯಲ್ಲಿ ಗುರುತು ಹಾಕಿ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಕ್ಷೆ ತೆರೆಯಲು ಬೇಕು. ದನದ ಹಾದಿಯಲ್ಲೂ ಲೆಕ್ಕವಿದೆ: ಕವಲೊಡೆಯುತ್ತ ಹೋದರೆ ಅದು ಮೇವಿನ ಕಡೆ, ಕವಲುಗಳು ಕೂಡುತ್ತ ಬಂದರೆ ನೀರಿಗೋ ತಾಂಡಾಕ್ಕೋ.

ನೀರು ತಲೆಗೆ 4 ಲೀಟರ್, ಚಳಿಗಾಲ ಅಂತ ಕಡಿಮೆ ಮಾಡಬೇಡಿ. ಈ ಗುಡ್ಡಗಳ ಜಂಬಿಟ್ಟಿಗೆ ಕಲ್ಲು ತೂತು ತೂತಾದದ್ದು, ನೆತ್ತಿಯಲ್ಲಿ ನೀರು ನಿಲ್ಲದು. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಪದರ ತಡೆದ ಕಡೆ ಮಗ್ಗುಲಿಗೆ ಜಿನುಗುತ್ತದೆ. ಬೀದರಿನ ನೌಬಾದ್ ಕರೇಜ್ ಎಂಬ ಹಳೆಯ ನೆಲದಡಿಯ ನೀರುಗಾಲುವೆಯ ಸುರಂಗ ತೋಡಿದವರು ಹಿಡಿದದ್ದು ಇದೇ ಜಾಡನ್ನು. ಒರತೆ ಇದ್ದರೆ ಬುಡದಲ್ಲಿ. ನೆತ್ತಿಯಲ್ಲಿ ಹುಡುಕಿ ದಣಿಯಬೇಡಿ.

ಇಳಿಜಾರಿನಲ್ಲಿ ಗರಸು ಶೇಂಗಾ ಕಾಳಿನಂತೆ ಉರುಳುತ್ತದೆ. ಹೆದರಿ ಮೈ ಹಿಂದಕ್ಕೆ ವಾಲಿಸಿದಿರೋ, ಕುಂಡಿಯ ಮೇಲೇ ಕೂರುತ್ತೀರಿ. ಮೊಣಕಾಲು ತುಸು ಬಾಗಿಸಿ, ಗಿಡ್ಡ ಹೆಜ್ಜೆಯಲ್ಲಿ ಅಡ್ಡಡ್ಡ ಇಳಿಯಿರಿ. ಮೆತ್ತನೆ ಅಡಿಯ ಶೂ ಬೇಡ, ಜಾಲಿಮುಳ್ಳು ಸೀದಾ ಪಾದಕ್ಕೆ ಇಳಿಯುತ್ತದೆ. ಕೂರಲೆಂದು ಕಲ್ಲು ಸರಿಸಬೇಡಿ. ಅಡಿಯಲ್ಲಿ ಗರಗಸ ಮಂಡಲ ಎಂಬ ವಿಷದ ಹಾವು ಇರಬಹುದು.

ಆಗ ಸೂರ್ಯ ಮುಳುಗುವುದು ಸಂಜೆ 5.45ರ ಸುಮಾರಿಗೆ. ಮಧ್ಯಾಹ್ನ 2ಕ್ಕೆ ಎಲ್ಲಿದ್ದರೂ ತಿರುಗಿ. ಅಂದಹಾಗೆ ಇದು 2011ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಮೊದಲು, ಬುತ್ತಿ ಕಟ್ಟುವುದು ಆಮೇಲೆ.

ಪ್ರಶ್ನೆ: ಶಹಾಪುರದ ಮಲಗಿದ ಬುದ್ಧನ ಬೆಟ್ಟಕ್ಕೂ ಇದೇ ಮಾತೇ?
– ಓದುಗರು, ಯಾದಗಿರಿ

ಉತ್ತರ: ಅಲ್ಲ. ಅದು ಗ್ರಾನೈಟ್ ಬಂಡೆ. ಒಣಗಿದ್ದರೆ ಹಿಡಿತ ಚೆನ್ನ, ನೀರಿಳಿದು ಕಪ್ಪಾದ ಪಟ್ಟಿಗಳ ಮೇಲೆ ಮಾತ್ರ ಕಾಲಿಡಬೇಡಿ, ಇಬ್ಬನಿ ಬಿದ್ದರೂ ಸಾಕು, ಜಾರುತ್ತವೆ. ಬಂಡೆಯ ಚಾಚಿನಡಿ ಹೆಜ್ಜೇನು ಗೂಡಿದ್ದರೆ ಹೊಗೆ, ಸೆಂಟು, ಕೂಗಾಟ ಬೇಡ. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ದೂರ ಓಡಿ. ಬುದ್ಧನ ಆಕಾರ ನೋಡಬೇಕಿದ್ದರೆ ಹತ್ತಬೇಡಿ, ಅದು ದೂರದಿಂದಷ್ಟೇ ಕಾಣುವುದು.